ಮುಚ್ಚಳಿಕೆಯ ಮುಚ್ಚಳ

ಗಿರಿಜಾ ತುದಿಗಾಲಲ್ಲಿ ನಿಂತಳು. ಆದರೂ ಮೇಲಿನ ಸಾಲಿನ ಫೋಟೋಗಳು ಸರಿಯಾಗಿ ಕಾಣಲಿಲ್ಲ. ಬೋರ್ಡಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಕೇಡಿಗಳು’ ಎಂದು ಬರೆದಿತ್ತು. ಕೆಳಗಿನ ಸಾಲಿನಲ್ಲಿದ್ದ ಒಬ್ಬನಿಗೆ ಥೇಟು ಅವರ ಡ್ರಾಯಿಂಗ್ ಮೇಷ್ಟ್ರ ಮೀಸೆ. ಬೇರೆ ದಿನವಾಗಿದ್ದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಯಾರವ್ವ ಅದು? ಸ್ಟೇಷನ್ನಿಗೆ ಸ್ಕೂಲ್ ಬ್ಯಾಗು ಬಂದೈತೆ?”

ಕೇಳಿದವರು ಹೆಡ್ ಕಾನ್‌ಸ್ಟೇಬಲ್ ಸಣ್ಣತಿಮ್ಮಯ್ಯ. ಟೋಪಿ ಮೇಜಿನ ಮೇಲಿಟ್ಟು, ಟಿಫನ್ ಕ್ಯಾರಿಯರ್ ಬಿಚ್ಚುತ್ತಿದ್ದರು.

“ಗಿರಿಜಾಂಬಿಕಾ ಸಾರ್. ಐದನೇ ಕ್ಲಾಸು.”

“ಅದೇನು ಅಷ್ಟೊಂದು ನೋಡ್ತಿದ್ದೀಯ? ಸಿನಿಮಾ ಪೋಸ್ಟರ್ ಅಲ್ಲ ಕಣವ್ವ ಅದು.”

“ನಮ್ಮಪ್ಪನ ಫೋಟೋ ಹಾಕಿದ್ದೀರಾ ಅಂತ ನೋಡೋಕೆ ಬಂದೆ ಸಾರ್.”

ಸಣ್ಣತಿಮ್ಮಯ್ಯನವರ ಕೈ ಕ್ಯಾರಿಯರ್ ಮೇಲೆಯೇ ನಿಂತಿತು.

ಗಿರಿಜಾಳ ಅಪ್ಪ ರೇವಣಸಿದ್ದಯ್ಯ ಒಳ್ಳೆಯವನೇ. ತೋಟದಿಂದ ಬರುವಾಗ ಅವಳಿಗೆಂದು ಎಳನೀರು ತರುತ್ತಿದ್ದ. ಆದರೆ ಸಿಟ್ಟು ಬಂದರೆ ಬೇರೆ ಮನುಷ್ಯ. ಆಗ ಅವನ ಕೈ ಸೀದಾ ಅಮ್ಮನ ಮೇಲೆ ಹೋಗುತ್ತಿತ್ತು. ಹೋದ ತಿಂಗಳು ಅಮ್ಮನ ಬಳೆಗಳು ಒಡೆದು, ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತ್ತು. ಅವತ್ತು ಅಮ್ಮ ಅಳಲಿಲ್ಲ. ಮುಖ ತೊಳೆದು, ಬೇರೆ ಸೀರೆ ಉಟ್ಟು, ತಾಲ್ಲೂಕು ಕಚೇರಿಗೆ ನಡೆದಳು.

ಆಮೇಲೆ ತಹಸೀಲ್ದಾರರು ಅಪ್ಪನನ್ನು ಕರೆಸಿದರು. ಅಪ್ಪ ಮುಚ್ಚಳಿಕೆ ಬರೆದುಕೊಟ್ಟು ಬಂದ.

ಮುಚ್ಚಳಿಕೆ! ಆ ಮಾತು ಕೇಳಿದ್ದೇ ಗಿರಿಜಾಳಿಗೆ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಗಿತ್ತು. ಆ ಕತೆಯಲ್ಲಿ ಸಿಟ್ಟಿನ ದೆವ್ವವೊಂದನ್ನು ಗಡಿಗೆಗೆ ಹಾಕಿ ಬಿಗಿಯಾಗಿ ಮುಚ್ಚಳ ಮುಚ್ಚುತ್ತಾರೆ. ದೆವ್ವ ಒಳಗೇ ಗುಡುಗುಡು ಅನ್ನುತ್ತಿರುತ್ತದೆ. ಹೊರಗೆ ಮಾತ್ರ ಬರುವಂತಿಲ್ಲ. ಕಚೇರಿಯವರು ಅಪ್ಪನಿಗೂ ಅಂಥದ್ದೇ ಏನೋ ಮುಚ್ಚಿ ಕಳಿಸಿದ್ದಾರೆ ಅಂದುಕೊಂಡಿದ್ದಳು. ಒಂದು ಸಲ ಅಪ್ಪ ಮಲಗಿದ್ದಾಗ ಹತ್ತಿರ ಹೋಗಿ ಆ ಮುಚ್ಚಳವನ್ನು ಹುಡುಕಿಯೂ ಇದ್ದಳು.

ನಿನ್ನೆ ಕ್ಲಾಸಿನಲ್ಲಿ ಬೆಟ್ಟಸ್ವಾಮಿ ಎಲ್ಲರೆದುರು ಕೂಗಿದ: “ಇವಳಪ್ಪ ಮುಚ್ಚಳಿಕೆ ಬರಕೊಟ್ಟವ್ನೆ ಕಣ್ರಲಾ! ಇನ್ನು ಅವ್ನು ಕೇಡಿ. ಸ್ಟೇಷನ್ನಲ್ಲಿ ಫೋಟೋ ಹಾಕ್ತಾರೆ. ಏ ಕೇಡಿ ಮಗಳೇ, ರಬ್ಬರ್ ಕೊಡೇ!”

ಗಿರಿಜಾ ಮನೆಗೆ ಬಂದು ಅತ್ತಳು. ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ನಿನಗೆ ಕೆಟ್ಟ ಹೆಸರು ಬರೋದಾದ್ರೆ ನನಗೆ ಅದು ಬೇಡವೇ ಬೇಡ. ನಾಳೆ ಊಟ ಮುಗಿಸಿ ಕಚೇರಿಗೆ ಹೋಗ್ತೀನಿ. ಮುಚ್ಚಳಿಕೆ ರದ್ದು ಮಾಡಿ ಅಂತೀನಿ,” ಅಂದಳು. ಹಾಗೆನ್ನುವಾಗ ಅವಳ ಬೆರಳು ಮಣಿಕಟ್ಟನ್ನು ಸವರುತ್ತಿತ್ತು.

ಗಿರಿಜಾಳಿಗೆ ರಾತ್ರಿಯೆಲ್ಲ ಗಡಿಗೆಯದೇ ಕನಸು. ಅಮ್ಮನೇ ಮುಚ್ಚಳ ತೆಗೆಯುತ್ತಿದ್ದಳು.

ಅದಕ್ಕೇ ಊಟದ ಬೆಲ್ ಹೊಡೆದ ಕೂಡಲೇ ಸ್ಟೇಷನ್ನಿಗೆ ಓಡಿ ಬಂದಿದ್ದಳು.

ಎಲ್ಲ ಕೇಳಿದ ಸಣ್ಣತಿಮ್ಮಯ್ಯ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. “ಇಲ್ಲಿ ಕೇಳವ್ವ. ಇವನಿದ್ದಾನಲ್ಲ, ಮೀಸೆಯೋನು? ಕಳ್ಳತನ ಮಾಡಿ ಜೈಲಿಗೆ ಹೋದ. ಬಂದ, ಮತ್ತೆ ಕದ್ದ. ಅವನು ಕೇಡಿ. ನಿಮ್ಮಪ್ಪನಿಗೆ ಶಿಕ್ಷೆ ಆಗಿಲ್ಲ. ಇನ್ನು ಒಂದು ವರ್ಷ ಹೆಂಡತಿ ಮೇಲೆ ಕೈ ಮಾಡಲ್ಲ ಅಂತ ಬರೆದುಕೊಟ್ಟಿದ್ದಾನೆ. ಅದು ಕೊಟ್ಟ ಮಾತು, ಅಪರಾಧ ಅಲ್ಲ. ಅದಕ್ಕೆಲ್ಲ ಬೋರ್ಡಿಗೆ ಫೋಟೋ ಹಾಕಲ್ಲ.”

“ಆ ಕಾಗದ ಏನಾಗುತ್ತೆ?”

“ಕಚೇರಿ ಫೈಲಲ್ಲಿ ಇರ್ತದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅದರಿಂದ ಅವನು ಕೇಡಿ ಆಗಲ್ಲ.”

“ಮಾತು ತಪ್ಪಿದ್ರೆ?”

ಸಣ್ಣತಿಮ್ಮಯ್ಯನವರ ಮುಖ ಗಂಭೀರವಾಯಿತು. “ಆವಾಗ ನಾನೇ ಬರ್ತೀನಿ, ಎಳ್ಕೊಂಡು ಹೋಗಿ ಒಳಗೆ ಹಾಕ್ತೀವಿ. ಹೊಡೆದಿದ್ದಕ್ಕೆ ಕೇಸೂ ಆಗ್ತದೆ. ಅದರಲ್ಲಿ ಶಿಕ್ಷೆ ಆಯ್ತು ಅಂದ್ರೆ ಆ ಕೆಟ್ಟ ಹೆಸರು ಅಳಿಸೋಕಾಗಲ್ಲ.”

ಗಿರಿಜಾ ಬೆಂಚಿನಿಂದ ಕೆಳಗಿಳಿದಳು. “ಹಂಗಾದ್ರೆ ಆ ಮುಚ್ಚಳ ಯಾರ ಹತ್ರ ಇರುತ್ತೆ ಸಾರ್?”

“ಮುಚ್ಚಳ ಅಲ್ಲವ್ವ, ಮುಚ್ಚಳಿಕೆ!” ಸಣ್ಣತಿಮ್ಮಯ್ಯ ಗಹಗಹಿಸಿ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಮುಚ್ಚಳ ಅಂತಲೇ ಇಟ್ಕೋ. ಅದು ನಿಮ್ಮಪ್ಪನ ಕೈಯಲ್ಲೇ ಇರ್ತದೆ,” ಅಂದರು.

ಗಿರಿಜಾ ಮನೆ ಕಡೆ ಓಡಿದಳು. ಅಮ್ಮ ಆಗಲೇ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

“ಹೋಗಬೇಡಮ್ಮ! ಬೋರ್ಡಲ್ಲಿ ಅಪ್ಪ ಇಲ್ಲ. ನಾನೇ ನೋಡ್ಕೊಂಡು ಬಂದೆ!”

“ಎಲ್ಲಿಗೆ ಹೋಗಿದ್ದೆ ನೀನು?”

“ಸ್ಟೇಷನ್ನಿಗೆ.”

ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. ಗಿರಿಜಾ ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. ಕೊನೆಗೆ, “ಬೆಟ್ಟಸ್ವಾಮೀನ ನಾನು ನೋಡ್ಕೋತೀನಿ. ನೀನು ಮಾತ್ರ ರದ್ದು ಮಾಡಿಸಬೇಡ,” ಅಂದಳು.

ಅಮ್ಮ ಮಗಳನ್ನೇ ನೋಡಿದಳು. ಆಮೇಲೆ ಚಿಲಕ ತೆಗೆದು ಒಳಗೆ ಬಂದಳು.

ಬೆಟ್ಟಸ್ವಾಮಿ ಅವತ್ತು ಮಧ್ಯಾಹ್ನ ಕ್ಲಾಸಿನಲ್ಲೂ ರಬ್ಬರ್ ಕೇಳಿದ. “ಬರೀ ರಬ್ಬರ್ ಕೇಳಿದ್ರೆ ಕೊಡ್ತೀನಿ. ಕೇಡಿ ಗೀಡಿ ಅಂದ್ಯೋ, ಸಣ್ಣತಿಮ್ಮಯ್ಯ ಸಾರ್ ಹತ್ರ ಕರ್ಕೊಂಡು ಹೋಗ್ತೀನಿ ಬಾ, ಬೋರ್ಡ್ ಓದುವಂತೆ,” ಅಂದಳು ಗಿರಿಜಾ. ಅವನು ಪಕ್ಕದವನ ರಬ್ಬರ್ ತೆಗೆದುಕೊಂಡ.

ಸಂಜೆ ಅಪ್ಪ ತೋಟದಿಂದ ಬಂದ. ಅವನಿಗೆ ನೀರು ಕೊಡಲು ಹೋಗಿ ಅಮ್ಮನ ಕಾಲು ಅವನು ಕೆಳಗಿಟ್ಟಿದ್ದ ಕುಡುಗೋಲಿನ ಹಿಡಿಗೆ ತಗುಲಿತು. ಚೊಂಬು ಉರುಳಿ, ಮಾರಲೆಂದು ಚಾಪೆಯ ಮೇಲೆ ಹರವಿದ್ದ ಕೊಬ್ಬರಿಯೆಲ್ಲ ನೆನೆಯಿತು.

“ಕಣ್ಣು ಕಾಣ್ಸಲ್ವೇನೇ ನಿನಗೆ?” ಅಪ್ಪ ಗುಡುಗಿದ. ಕೈ ಮೇಲೆದ್ದಿತು.

ಯಾವಾಗಲೂ ಗೋಡೆಗೆ ಒರಗುತ್ತಿದ್ದ ಅಮ್ಮ ಈ ಸಲ ನಿಂತಲ್ಲೇ ನಿಂತಿದ್ದಳು. ಕಣ್ಣು ಕೂಡ ಮಿಟುಕಿಸಲಿಲ್ಲ.

ಗಿರಿಜಾ ಅಪ್ಪನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು. ಅದು ಗಾಳಿಯಲ್ಲೇ ನಿಂತಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಆಮೇಲೆ ಆ ಕೈ ಪಕ್ಕದಲ್ಲಿದ್ದ ಅಟ್ಟದ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಅಪ್ಪ ಏಣಿ ಹತ್ತಿ ಅಟ್ಟಕ್ಕೆ ಹೋದ. ಅಲ್ಲಿ ಕೊಬ್ಬರಿಯಾಗಲೆಂದು ಹಾಕಿದ್ದ ತೆಂಗಿನಕಾಯಿಗಳಿದ್ದವು. ಒಂದನ್ನು ಎತ್ತಿ ಕುಲುಕಿದ ಸದ್ದು ಕೆಳಗೂ ಕೇಳಿಸಿತು. ಗುಳುಗುಳು.

“ಇನ್ನೂ ನೀರೈತೆ, ಒಣಗಿಲ್ಲ,” ಎಂದ ಅಪ್ಪ, ತನಗೇ ಹೇಳಿಕೊಳ್ಳುವಂತೆ.

“ಇರಲಿ ಬಿಡಿ,” ಕೆಳಗಿನಿಂದ ಅಮ್ಮ ಅಂದಳು. “ಒಂದು ವರ್ಷ ಬೇಕು ಕಣ್ರೀ ಅದಕ್ಕೆ. ನಡುವೆ ಒಡೆಯೋ ಹಂಗಿಲ್ಲ.”

ಮೇಲಿಂದ ಕಾಯಿಯನ್ನು ಮೆಲ್ಲಗೆ, ಇದ್ದ ಜಾಗದಲ್ಲೇ ಇಟ್ಟ ಸದ್ದು ಬಂತು.

ಗಿರಿಜಾ ಚಾಪೆಯ ಪಕ್ಕ ಕೂತು ನೆನೆದ ಕೊಬ್ಬರಿಯನ್ನು ಒಂದೊಂದಾಗಿ ಒರೆಸತೊಡಗಿದಳು. ಇನ್ನು ಮೇಲೆ ಮುಚ್ಚಳವನ್ನು ಹುಡುಕಬೇಕಾಗಿರಲಿಲ್ಲ.