ಮೂರು ಹಾಸು, ಮೂರು ಗುರುತು

ಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕೆಂಬಾರೆ ಎಂಬ ರಾಜ್ಯವಿತ್ತು. ಅದನ್ನು ನೀಲಕೇಸರಿ ಎಂಬ ಅರಸ ಆಳುತ್ತಿದ್ದ. ಒಂದು ದಿನ ಅವನ ರಾಣಿ ಮಾಣಿಕದೇವಿ ಮಗನನ್ನೂ ಮಗಳನ್ನೂ ಕರೆದುಕೊಂಡು ದೋಣಿಯಲ್ಲಿ ಹೊಳೆಯಾಚೆಗೆ ಹೋದಳು. ದೋಣಿ ಮರಳಿ ಬಂತು. ಅದರಲ್ಲಿ ಯಾರೂ ಇರಲಿಲ್ಲ.

ಅರಸ ಅನ್ನ ನೀರು ಬಿಟ್ಟು ಕೂತ. ಆಗ ಕಜ್ಜಳನೆಂಬ ಮಂತ್ರವಾದಿ ಬುಟ್ಟಿಯೊಂದನ್ನು ಹೊತ್ತು ಬಂದ. ಬುಟ್ಟಿಯಲ್ಲಿ ಮೂರು ಪುಟ್ಟ ನಾಯಿಗಳಿದ್ದವು. ಒಂದು ಬೊಗಸೆಯಷ್ಟು, ಇನ್ನೆರಡು ಮುಷ್ಟಿಯಷ್ಟು.

“ದೊರೆ, ದುಃಖ ಮರೆಯಲು ಇವನ್ನು ಸಾಕಿಕೊಳ್ಳಿ. ಆದರೆ ಇವುಗಳ ಕಾಲು ಮಣ್ಣಿಗೆ ತಾಗಬಾರದು. ತಾಗಿದರೆ ಸತ್ತುಹೋಗುತ್ತವೆ” ಎಂದ.

ಅರಸ ನಾಯಿಗಳನ್ನು ಏಳನೆಯ ಉಪ್ಪರಿಗೆಯಲ್ಲಿ ಇರಿಸಿದ. ಕಜ್ಜಳನೂ ಅರಮನೆಯಲ್ಲೇ ಉಳಿದ. ನಾಯಿಗಳು ಉಚ್ಚೆ ಹೊಯ್ಯಲೆಂದು ಹಳೆಯ ಸೀರೆಗಳನ್ನು ನಾಲ್ಕು ಮಡಿಕೆ ಹಾಕಿ ಹೊಲಿದು ಹಾಸು ಮಾಡಿದರು. ದಿನಕ್ಕೆ ಮೂರು ಹಾಸು ನೆನೆಯುತ್ತಿದ್ದವು. ಒಗೆಯುವವರನ್ನು ಕಜ್ಜಳನೇ ಆರಿಸಿದ.

“ಯಾರು ಒಗೆದರೆ ಕಲೆಯ ನೆರಳೂ ಉಳಿಯುವುದಿಲ್ಲ?” ಎಂದು ಊರಲ್ಲಿ ಕೇಳಿದ.

ಎಲ್ಲರೂ ಒಂದೇ ಹೆಸರು ಹೇಳಿದರು: ಮಾಚವ್ವ.

ಮಾಚವ್ವ ಮೂವತ್ತು ವರ್ಷದಿಂದ ಅರಮನೆಯ ಬಟ್ಟೆ ಒಗೆಯುತ್ತಿದ್ದವಳು. ನಾಯಿ ಹಾಸನ್ನೂ ರಾಣಿಯ ಪಟ್ಟೆಸೀರೆಯಷ್ಟೇ ಮರ್ಯಾದೆಯಿಂದ ಒಗೆದಳು. ಮೊದಲು ತಣ್ಣೀರಲ್ಲಿ ನೆನೆಹಾಕುವಳು, ಬಿಸಿನೀರು ಮುಂಚೆಯೇ ಸೋಕಿದರೆ ನಾತ ನೂಲಿಗೆ ಹತ್ತಿಬಿಡುತ್ತದೆ. ಆಮೇಲೆ ಸವಳುಮಣ್ಣು. ಆಮೇಲೆ ಅಂಟುವಾಳದ ನೊರೆ. ಕೊನೆಗೆ ಬಟ್ಟೆ ಬೇಯಿಸುವ ಉಬ್ಬೆಹಂಡೆಯ ಹಬೆ. ಸಂಜೆ ಕಜ್ಜಳ ಹಾಸುಗಳನ್ನು ಮೂಸಿ, ತಿರುವಿ ನೋಡಿ ತಲೆದೂಗುವನು.

“ಒಂದು ಮಾತು ಮರೀಬೇಡ. ಬಿಸಿಲು ಬೀಳುವ ಮೊದಲೇ ಹಾಸು ನೀರಿಗೆ ಬೀಳಬೇಕು” ಎನ್ನುವನು.

ಹೀಗೆ ಆರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲಲ್ಲಿ ಮಾಚವ್ವ ಜಾರಿ ಬಿದ್ದಳು. ಸೊಂಟ ಹಿಡಿದುಕೊಂಡು ಮೇಲೇಳುವಷ್ಟರಲ್ಲಿ ಬಿಸಿಲು ಏರಿತ್ತು. ಹಾಸುಗಳು ಬಂಡೆಯ ಮೇಲೆ ಹರಡಿಕೊಂಡು ಬಿದ್ದಿದ್ದವು. ಎತ್ತಿಕೊಳ್ಳಲು ಬಾಗಿದವಳು ಹಾಗೆಯೇ ನಿಂತಳು.

ಮೊದಲ ಹಾಸಿನ ಮೇಲೆ ಕಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮೂರು ಚುಕ್ಕಿ, ಕೆಳಗೊಂದು ಗೆರೆ.

ಮಾಚವ್ವನಿಗೆ ಅಕ್ಷರ ಬಾರದು. ಆದರೆ ಗುರುತು ಬರುತ್ತದೆ. ಬಟ್ಟೆ ಅದಲುಬದಲಾಗದಿರಲಿ ಎಂದು ಒಬ್ಬೊಬ್ಬರ ಸೆರಗಿನ ಮೂಲೆಗೂ ಕೇರುಬೀಜದ ರಸದಲ್ಲಿ ಒಂದೊಂದು ಗುರುತು ಹಾಕುವವಳು ಅವಳೇ. ಮೂರು ಚುಕ್ಕಿ, ಒಂದು ಗೆರೆ ರಾಣಿ ಮಾಣಿಕದೇವಿಯ ಗುರುತು.

ಅವಳು ಎರಡನೆಯ ಹಾಸನ್ನು ಬಿಸಿಲಿಗೆ ಬಿಡಿಸಿದಳು. ಅರ್ಧಚಂದ್ರ. ಅದು ರಾಜಕುಮಾರನದು.

ಮೂರನೆಯದನ್ನು ಬಿಡಿಸಲು ಕೈ ಬರಲಿಲ್ಲ. ಕಣ್ಣು ಮುಚ್ಚಿ ಬಿಡಿಸಿ, ಕಣ್ಣು ತೆರೆದಳು. ಪುಟ್ಟ ಏಣಿ. ಅದು ರಾಜಕುಮಾರಿಯದು.

ಮಾಚವ್ವನಿಗೆ ಹೊಳೆಯ ಸದ್ದೂ ಕೇಳಿಸದಾಯಿತು. ಉಟ್ಟ ಸೀರೆಯಲ್ಲೇ ಉಪ್ಪರಿಗೆಯ ಮೆಟ್ಟಿಲು ಹತ್ತಿ ನಾಯಿಗಳ ಮುಂದೆ ಕುಸಿದಳು.

“ಅವ್ವಾ, ಮಾಣಿಕದೇವೀ, ನೀವೇ ಆಗಿದ್ದರೆ ಬಲಗಾಲು ಎತ್ತಿ.”

ದೊಡ್ಡ ನಾಯಿ ಬಲಗಾಲು ಎತ್ತಿತು. ಚಿಕ್ಕವೆರಡೂ ಎತ್ತಿದವು.

“ಎಂದಿನಿಂದ ಬರೀತಿದೀರಿ? ಇವತ್ತಿನಿಂದಲಾ?”

ನಾಯಿ ತಲೆಯಾಡಿಸಿತು, ಅಲ್ಲ.

“ಮೊದಲ ದಿನದಿಂದಲಾ?”

ನಾಯಿ ಕಾಲು ಎತ್ತಿತು.

ಮಾಚವ್ವ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಆರು ತಿಂಗಳು ಅವರು ಕೂಗುತ್ತಲೇ ಇದ್ದರು, ತಾನು ಉಜ್ಜಿ ಉಜ್ಜಿ ತೆಗೆದಿದ್ದಳು! ಆ ಕೈಗಳು ಯಾರವೋ ಎನ್ನಿಸಿತು ಅವಳಿಗೆ.

“ಬಿಡುಗಡೆ ಎಲ್ಲಿದೆ, ತೋರಿಸಿ” ಎಂದು ಹೊಸ ಹಾಸು ಹರಡಿದಳು. ನಾಯಿ ಸುತ್ತಿ ಸುತ್ತಿ ಹೊಯ್ದಿತು. ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಾಗ ಕಂಡದ್ದು ಒಂದು ಚೇಳು ಮತ್ತು ಉದ್ದನೆಯ ಪಟ್ಟಿ. ಚೇಳು ಕಜ್ಜಳನ ಗುರುತು. ಪಟ್ಟಿ ಅವನ ಕರಿಯ ನಡುಪಟ್ಟಿ. ಅವನು ಕೌಪೀನವನ್ನೂ ಒಗೆಯಲು ಹಾಕುತ್ತಿದ್ದ, ನಡುಪಟ್ಟಿಯನ್ನು ಮಾತ್ರ ಒಂದು ದಿನವೂ ಬಿಚ್ಚಿರಲಿಲ್ಲ.

ಅರಸನಿಗೆ ಹೇಳಿದರೆ ಅವನು ಕಜ್ಜಳನನ್ನೇ ಕೇಳುತ್ತಾನೆ. ಮಾಚವ್ವ ಯೋಚಿಸಿ, ಚಿಕ್ಕ ನಾಯಿಗಳಲ್ಲಿ ಒಂದರ ಕಿವಿಯಲ್ಲಿ ಪಿಸುಗುಟ್ಟಿದಳು: “ನಾಳೆ ಅರಸರ ಓಲಗದಲ್ಲಿ ಅವನ ತೊಡೆ ಹತ್ತಿ, ಬುದ್ಧೀ. ಮುಂದಿನದು ನಿಮಗೆ ಗೊತ್ತು.”

ಮರುದಿನ ತುಂಬಿದ ಓಲಗದಲ್ಲಿ ಆ ಚಿಕ್ಕ ನಾಯಿ ಅರಸನ ಪಕ್ಕದ ಬುಟ್ಟಿಯಿಂದ ಕಜ್ಜಳನ ತೊಡೆಗೆ ಹಾರಿ, ನಡುಪಟ್ಟಿ ತೊಯ್ದು ತೊಟ್ಟಿಕ್ಕುವಂತೆ ಹೊಯ್ದುಬಿಟ್ಟಿತು. ಸಭೆಯವರು ಮೂಗು ಮುಚ್ಚಿಕೊಂಡರು. ಆರು ತಿಂಗಳಲ್ಲಿ ಮೊದಲ ಸಲ ಅರಸ ನಕ್ಕ.

“ಬಿಚ್ಚಿಕೊಡಯ್ಯಾ, ಮಾಚವ್ವ ಒಗೆದು ತರುತ್ತಾಳೆ.”

“ಬೇಡ ದೊರೆ, ಹಾಗೇ ಒಣಗುತ್ತದೆ.”

“ನಾರುವ ಪಟ್ಟಿ ಕಟ್ಟಿಕೊಂಡು ನನ್ನೆದುರು ಕೂರುತ್ತೀಯಾ? ನಡೆ, ನಾನೂ ಬರುತ್ತೇನೆ. ಹೊಳೆಗಾಳಿ ಕುಡಿದು ಬಹಳ ದಿನವಾಯಿತು” ಎಂದು ಅರಸ ನಾಯಿಬುಟ್ಟಿಯನ್ನು ತಾನೇ ಎತ್ತಿಕೊಂಡ.

ಹೊಳೆಯ ಬಳಿ ಕಜ್ಜಳ ವಿಧಿಯಿಲ್ಲದೆ ಪಟ್ಟಿ ಬಿಚ್ಚಿಕೊಟ್ಟು ಮಾಚವ್ವನ ಪಕ್ಕದಲ್ಲೇ ನಿಂತ. ಅವಳು ಪಟ್ಟಿಯನ್ನು ತಣ್ಣೀರಿಗೆ ಅದ್ದಿದಳು. ಬಟ್ಟೆಯೊಳಗಿಂದ ಮೂರು ಮಸಿಕಲೆಗಳು ಎದ್ದುಬಂದವು. ಅವು ಮಗುವಿನ ದನಿಯಲ್ಲಿ, “ಚಳಿ, ಮಾಚವ್ವಾ, ಬಿಟ್ಟುಬಿಡು” ಎಂದು ಅತ್ತವು. ಅರಸ ಬೆಚ್ಚಿಬಿದ್ದ. ಮಾಚವ್ವ ಬಿಡಲಿಲ್ಲ.

ಸವಳುಮಣ್ಣು ಹಾಕಿ, ಅಂಟುವಾಳ ಕಿವುಚಿ ಉಜ್ಜಿದಳು. ಕಲೆಗಳು ಸತ್ತುಹೋದ ಅವಳ ಗಂಡನ ದನಿಯಲ್ಲಿ, “ಮಾಚೀ, ಸುಡುತ್ತದೆ, ನಿಲ್ಲಿಸೇ” ಎಂದವು. ಅವಳ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. ಕಲೆಗಳೂ ಬಿಡಲಿಲ್ಲ.

“ಸಾಕು, ಕೊಡು ಇತ್ತ!” ಎಂದು ಕಜ್ಜಳ ಕೈಚಾಚಿದ.

ಬಂಡೆಯ ಪಕ್ಕದ ಬಾನಿಯಲ್ಲಿ ಅಂದಿನ ಮೂರು ಹಾಸುಗಳು ನೆನೆಯುತ್ತಿದ್ದವು. ನೀರು ಹಳದಿಯಾಗಿ ಮೂಗು ಸೀಳುವಂತಿತ್ತು. ಮಣ್ಣಿಗೆ ಬಿಡದ ಕಲೆ ಉಚ್ಚೆಗೆ ಬಿಡುತ್ತದೆ ಎಂದು ಅಗಸರ ಮಕ್ಕಳಿಗೆಲ್ಲ ಗೊತ್ತು. ಮಾಚವ್ವ ಪಟ್ಟಿಯನ್ನು ಆ ಬಾನಿಗೆ ಮುಳುಗಿಸಿ, ಮೊಣಕೈವರೆಗೂ ಅದ್ದಿ ತಿರುವಿದಳು.

ಈ ಸಲ ಕೂಗಿದ್ದು ಕಜ್ಜಳ. ಅವನ ಗಡ್ಡದ ಕಪ್ಪು ಇಳಿಯಿತು. ತುಟಿಯ ಕೆಂಪು ಇಳಿಯಿತು. ಅವನು ಮಡಚಿಕೊಂಡ, ಮುದುಡಿದ, ಕೊನೆಗೆ ಔಡಲಬೀಜದಷ್ಟು ದಪ್ಪದ ರಕ್ತ ಹೀರುವ ಒಂದು ಉಣ್ಣೆಹುಳುವಾಗಿ ಬಂಡೆಯ ಮೇಲೆ ಹರಿದಾಡಿದ. ಮಾಚವ್ವ ಎರಡು ಬೆರಳಲ್ಲಿ ಎತ್ತಿ ಕುದಿಯುವ ಉಬ್ಬೆಹಂಡೆಗೆ ಹಾಕಿದಳು.

ಅರಸನ ಕೈಯಲ್ಲಿದ್ದ ಬುಟ್ಟಿ ಬಿರಿಯಿತು. ರಾಣಿ, ಮಗ, ಮಗಳು ಮೂವರೂ ಮೈಮೇಲೆ ನೂಲೆಳೆಯಿಲ್ಲದೆ ಮೆಟ್ಟಿಲ ಮೇಲೆ ನಿಂತಿದ್ದರು. ಮಾಚವ್ವ ಓಡಿಹೋಗಿ ಹಗ್ಗದ ಮೇಲಿನ ಸೀರೆಗಳನ್ನು ಎಳೆದು ತಂದು ಹೊದಿಸಿದಳು. ಅರಸ ಹೊಳೆಯ ನೀರಲ್ಲೇ ಕೂತುಬಿಟ್ಟ.

“ನೀನು... ಆರು ತಿಂಗಳು... ನನ್ನ ತೊಡೆಯ ಮೇಲೆ...”

“ಹೌದು ಸ್ವಾಮಿ. ಇನ್ನುಮೇಲೆ ನನ್ನ ಗಂಟಲ ಕೆಳಗೆ ಕೆರೆಯಬೇಡಿ” ಎಂದಳು ರಾಣಿ. ಆಮೇಲೆ ಇಬ್ಬರೂ ಅತ್ತರು.

ಮಾಚವ್ವ ದೂರ ನಿಂತಿದ್ದಳು. ರಾಣಿ ಅವಳ ಕಡೆ ತಿರುಗಿ, “ದಿನವೂ ಬರೆದೆ. ದಿನವೂ ನೀನು ಅಳಿಸಿದೆ” ಎಂದಳು.

ಮಾಚವ್ವ ಕಾಲಿಗೆ ಬಿದ್ದಳು.

“ಮೊದಲ ತಿಂಗಳು ನಿನಗೆ ಹಿಡಿಶಾಪ ಹಾಕಿದೆ” ಎಂದಳು ರಾಣಿ. “ಆಮೇಲೆ ನೋಡಿದೆ. ಆ ಏಳು ಉಪ್ಪರಿಗೆಯಲ್ಲಿ ಮೂಗು ಮುಚ್ಚದೆ ನಮ್ಮ ಬಳಿ ಬರುತ್ತಿದ್ದವಳು ನೀನೊಬ್ಬಳೇ. ಏಳು ಮಾಚವ್ವಾ.”

ಅರಸ ಕೇಳಿದ, “ಏನು ಬೇಕು, ಕೇಳು ತಾಯಿ.”

“ಎಂಟು ದಿನ ಬಿಡುವು ಕೊಡಿ, ಬುದ್ಧೀ. ನನ್ನ ಕೈಗೆ ನೀರು ಮುಟ್ಟಲು ಹೆದರಿಕೆ.”

ಆ ಎಂಟು ದಿನ ಅರಮನೆಯವರೆಲ್ಲ ಅವರವರ ಬಟ್ಟೆ ಅವರವರೇ ಒಗೆದುಕೊಂಡರು. ಅರಸ ಪಂಚೆಯನ್ನು ಬಂಡೆಗೆ ಬಡಿದು ಹರಿದುಕೊಂಡ. ಊರು ಬಾಯಿ ಬಿಟ್ಟು ನೋಡಿತು, ರಾಣಿ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂಬತ್ತನೆಯ ಬೆಳಿಗ್ಗೆ ಮಾಚವ್ವ ಹೊಳೆಗೆ ಇಳಿದಳು. ಹಗ್ಗದ ಮೇಲೆ ಅರೆಬರೆ ಒಗೆದ ರಾಜವಸ್ತ್ರಗಳು ನೇತಾಡುತ್ತಿದ್ದವು. “ಅಯ್ಯೋ ಶಿವನೇ!” ಎಂದವಳೇ ಸೆರಗು ಸಿಕ್ಕಿಸಿ, ಬಟ್ಟೆಗಳನ್ನೆಲ್ಲ ಎಳೆದು ಬಾನಿಗೆ ಹಾಕಿದಳು.

ಹೀಗೆ ಕೆಟ್ಟದ್ದು ಹೊಳೆಯಲ್ಲಿ ಹೋಯಿತು, ಒಳ್ಳೆಯದು ಮನೆಗೆ ಬಂತು. ಕೆಂಬಾರೆಯವರು ಉಂಡು, ಉಟ್ಟು, ಒಗೆದು, ಒಣಗಿಸಿ, ನೂರು ಕಾಲ ನಗುನಗುತ್ತಾ ಬಾಳಿದರು.