ಗೆರೆಯ ಮೇಲಿನ ಕಣ್ಣು

"ಏನ್ರೀ ಮೇಡಂ, ಪಕ್ಕದ ಮನೆಯೋರಿಗೆ ಕೇಳಿಸ್ಬಾರ್ದು ಅಂತ ಅಷ್ಟು ಮೆಲ್ಲಗೆ ಹೇಳಿದ್ರಾ?"

ರಾಕೆಟ್ಟನ್ನು ಹೆಗಲ ಮೇಲಿಟ್ಟುಕೊಂಡು ಅವನು ನೇರವಾಗಿ ತನ್ನತ್ತಲೇ ಬರುತ್ತಿರುವುದನ್ನು ಕಂಡು ಮೋನಿಷಾ ಒಂದು ಹೆಜ್ಜೆ ಹಿಂದೆ ಸರಿದಳು.

"ಔಟ್... ಔಟ್ ಅಂದೆ."

"ಯಾರಿಗೆ ಅಂದ್ರಿ? ನಿಮ್ಗಾ, ನಂಗಾ?"

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೊಸಕೋಟೆಯ ಹೊರಗಿನ ಟೆನಿಸ್ ಅಂಗಳದಲ್ಲಿ ಚೆಂಡು ಗೆರೆಯೊಳಗೆ ಬಿತ್ತೋ ಹೊರಗೋ ಎಂದು ಹೇಳುವ ಲೈನ್ ಅಂಪೈರ್‌ಗಳ ತರಬೇತಿಯ ಮೊದಲ ಭಾನುವಾರವದು. ಕಲಿಯುವವರಿಗೆಂದು ಚೆಂಡು ಹೊಡೆಯಲು ಬಂದಿದ್ದವನು ಬೈರೇಶ್. ಅಲ್ಲೇ ಮಕ್ಕಳಿಗೆ ಆಟ ಕಲಿಸುತ್ತಿದ್ದ, ತಾನೂ ಟೂರ್ನಿಗಳಲ್ಲಿ ಆಡುತ್ತಿದ್ದ.

"ಹೋಗ್ಲಿ, ನಿಜವಾಗ್ಲೂ ಔಟಾ?" ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

ಅವಳಿಗೆ ಓಡಿಹೋಗಬೇಕೆನಿಸಿತು. ಆದರೆ ಚೆಂಡು ಬಿದ್ದ ಜಾಗ ಕಣ್ಣಿನಲ್ಲಿ ಹಾಗೇ ನಿಂತಿತ್ತು.

"ಔಟೇ. ಗೆರೆಗೂ ಚೆಂಡಿಗೂ ಮಧ್ಯೆ ನೆಲ ಕಾಣಿಸ್ತು."

ಅವನು ನಕ್ಕುಬಿಟ್ಟ. "ನಂಗೂ ಗೊತ್ತಿತ್ತು. ಹೆದ್ರಿಕೊಂಡು ಮಾತು ಬದಲಾಯಿಸ್ತೀರಾ ಅಂತ ನೋಡ್ದೆ ಅಷ್ಟೇ."

ಅಂದು ಮನೆಗೆ ಹೋಗುವ ಬಸ್ಸಿನುದ್ದಕ್ಕೂ ಆ ನಗು ಅವಳ ಜೊತೆಗೇ ಬಂತು...

ಮೋನಿಷಾ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದಿದ್ದಳು. ಕಾರ್ಖಾನೆಯಲ್ಲಿ ಅವಳು ಸರಿ ಅಂದದ್ದನ್ನು ಮೇಲ್ವಿಚಾರಕರು ಇನ್ನೊಮ್ಮೆ ನೋಡುತ್ತಿದ್ದರು, ತಪ್ಪು ಅಂದದ್ದನ್ನೂ ಇನ್ನೊಮ್ಮೆ ನೋಡುತ್ತಿದ್ದರು. ಮನೆಗೆ ಬಂದರೆ ಒಲೆ ಆರಿಸಿದ್ದೇನಾ ಎಂದು ತಾನೇ ಮತ್ತೆ ಮತ್ತೆ ಹೋಗಿ ನೋಡುವ ಹುಡುಗಿ. ತನ್ನ ಒಂದು ಮಾತಿಗೆ ಆಟವೇ ನಿಲ್ಲುವ ಆ ಜಾಗದಲ್ಲಿ ನಿಲ್ಲಬೇಕೆಂಬುದು ಅವಳು ಯಾರಿಗೂ ಬಿಡಿಸಿ ಹೇಳದ ಆಸೆ.

"ಆಡೋರಿಗೆ ಹೆಸರು ಬರುತ್ತೆ. ನಿಂತ್ಕೊಂಡು ಗೆರೆ ನೋಡೋರಿಗೆ ಏನಮ್ಮಾ ಬರುತ್ತೆ, ಕಾಲುನೋವಾ?" ಎಂದು ತಾಯಿ ಮುತ್ಯಾಲಮ್ಮ ರೇಗಿಸುತ್ತಿದ್ದರು.

ತರಬೇತಿ ಕೊಡುತ್ತಿದ್ದ ಉಮಾಶಂಕರ್ ಸರ್ ಮಾತ್ರ ನಗುವವರಲ್ಲ.

"ಚೆಂಡಿನ ಹಿಂದೆ ಹೋಗ್ಬೇಡಿ. ಆಟಗಾರನ ಮುಖ ನೋಡ್ಬೇಡಿ. ನಿಮ್ಗೆ ಕೊಟ್ಟಿರೋದು ಗೆರೆ, ಗೆರೆ ನೋಡಿ! ಔಟಾದ್ರೆ ಕೂಗಿ ಕೈ ಚಾಚಿ. ಚೆಂಡು ಕಾಣಲಿಲ್ವಾ? ಊಹೆ ಬೇಡ. ಎರಡೂ ಅಂಗೈ ಹೀಗೆ ಕಣ್ಣಿನ ಮುಂದೆ ಹಿಡೀರಿ. ಕಾಣಲಿಲ್ಲ ಅಂತ ಒಪ್ಕೊಳ್ಳೋದು ಅವಮಾನ ಅಲ್ಲ. ಕಾಣದೇ ಕೂಗೋದು ಪಾಪ."

ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದ್ದರು. "ಆಟಗಾರನ ಜೊತೆ ನೆಂಟಸ್ತಿಕೆ, ಸಲಿಗೆ, ಏನೇ ಇದ್ರೂ ಮೊದ್ಲೇ ನಂಗೆ ಹೇಳ್ಬೇಕು."

ಬೈರೇಶನ ಜೊತೆ ಸಲಿಗೆಯೇ? ಛೆ, ಏನಿತ್ತು ಹೇಳಲು! ತರಬೇತಿ ಮುಗಿದ ಮೇಲೆ ಗೇಟಿನಾಚೆ ಒಂದು ಚಹಾ. ಬಲಮೊಣಕಾಲಿಗೆ ಬಿಗಿದ ಪಟ್ಟಿ ಬಿಚ್ಚುತ್ತಾ ಅವನು ಹೇಳುವ ಮಾತು...

"ಡಾಕ್ಟ್ರು ಹೇಳ್ಬಿಟ್ಟಿದ್ದಾರೆ ಮೇಡಂ, ಇನ್ನೊಂದ್ಸಲ ಜಾರಿ ಬಿದ್ರೆ ಆಟ ಮುಗೀತು ಅಂತ."

"ಹಾಗಿದ್ರೆ ಯಾಕ್ರೀ ಆಡ್ತೀರಾ?"

"ನೀವ್ಯಾಕೆ ಬಿಸಿಲಲ್ಲಿ ನಿಂತ್ಕೋತೀರಾ?"

ಇಬ್ಬರೂ ಲೋಟ ನೋಡುತ್ತಾ ನಕ್ಕರು. ಅಷ್ಟೇ. ಅಷ್ಟನ್ನು ಸರ್ ಮುಂದೆ ಏನೆಂದು ಹೇಳುವುದು?

ತರಬೇತಿಯ ಕೊನೆಗೆ ಅದೇ ಅಂಗಳದಲ್ಲಿ ಟೂರ್ನಿ. ಅದರಲ್ಲಿ ಗೆರೆ ಕಾಯುವುದೇ ಇವರ ಪರೀಕ್ಷೆ. ಸೆಮಿಫೈನಲ್‌ನಲ್ಲಿ ಬೈರೇಶ್, ಎದುರಿಗೆ ದೊಡ್ಡಬಳ್ಳಾಪುರದ ಮಂಜೇಶ್. ಎತ್ತರದ ಅಂಪೈರ್ ಕುರ್ಚಿಯಲ್ಲಿ ಸ್ವತಃ ಉಮಾಶಂಕರ್. ಪಕ್ಕದ ಗೆರೆ ಮೋನಿಷಾಳ ಪಾಲಿಗೆ ಬಂತು.

ಮಂಜೇಶನ ಹಿಂದೆ, ಗೆರೆಯ ನೇರಕ್ಕೆ ಬಾಗಿ ನಿಂತಳು. 'ಗೆರೆ ನೋಡು... ಗೆರೆ ಮಾತ್ರ ನೋಡು...'

ಬಿಸಿಲು ಏರಿತು. ಕೊನೆಗೆ ಬೈರೇಶನಿಗೆ ಮ್ಯಾಚ್ ಪಾಯಿಂಟ್! ಇದೊಂದು ಬಂದರೆ ಫೈನಲ್.

ಮಂಜೇಶ್ ಮೂಲೆಗೆ ಬಾರಿಸಿದ. ಬೈರೇಶ್ ಓಡಿದ. ಈಗ ಅವನು ಅವಳ ಗೆರೆಯ ಆ ತುದಿಯಲ್ಲೇ ಇದ್ದ. ಮೈಯನ್ನೆಲ್ಲ ಚಾಚಿ ಗೆರೆಯುದ್ದಕ್ಕೂ ಹೊಡೆದ, ಹೊಡೆಯುತ್ತಲೇ ಜಾರಿದ. ಬಲಮೊಣಕಾಲು ಮಡಿಚಿಕೊಂಡು ಧೊಪ್ಪನೆ ಬಿದ್ದ!

'ಅಯ್ಯೋ...!'

ಚೆಂಡು ಅವಳ ಮುಂದೆ ನೆಲಕ್ಕೆ ಬಡಿದ ಸದ್ದು ಮಾತ್ರ ಕೇಳಿಸಿತು.

ಉಮಾಶಂಕರ್ ಅವಳತ್ತ ತಿರುಗಿದರು. ಮಂಜೇಶ್ ತಿರುಗಿದ. ನೆಲದ ಮೇಲೆ ಕೂತಿದ್ದ ಬೈರೇಶ್ ಆಸೆಯಿಂದ ಅವಳನ್ನೇ ನೋಡುತ್ತಿದ್ದ. ಒಳಗೇ ಬಿದ್ದಿರಬೇಕು... ಸದ್ದು ಹಾಗೇ ಇತ್ತಲ್ಲವೇ? ಸುಮ್ಮನೆ ಎರಡೂ ಕೈಗಳನ್ನು ನೆಲದತ್ತ ಹಿಡಿದು ಒಳಗೆ ಎಂದು ತೋರಿಸಿಬಿಟ್ಟರೆ ಅವನು ಗೆದ್ದ, ತಾನೂ ಗೆದ್ದ ಹಾಗೆ...

ಎರಡೂ ಅಂಗೈಗಳನ್ನು ಮೋನಿಷಾ ಕಣ್ಣಿನ ಮುಂದೆ ಹಿಡಿದಳು.

ಅಡ್ಡ ಬಂದ ಮಂಜೇಶನಿಂದಾಗಿ ಉಮಾಶಂಕರ್‌ಗೂ ಚೆಂಡು ಕಂಡಿರಲಿಲ್ಲ. ಪಾಯಿಂಟ್ ಮತ್ತೆ ಆಡಿಸಿದರು. ಕುಂಟುತ್ತಾ ಆಡಿದ ಬೈರೇಶ್ ಆ ಪಾಯಿಂಟ್ ಸೋತ. ಆಮೇಲೆ ಮ್ಯಾಚನ್ನೂ ಸೋತ.

ಆಟ ಮುಗಿದ ಮೇಲೆ ಉಮಾಶಂಕರ್ ಕೋಣೆಯಿಂದ ಅವಳಿಗೆ ಕರೆ ಬಂತು. ಒಳಗೆ ಬೈರೇಶ್ ಮೊದಲೇ ನಿಂತಿದ್ದ. ಅವನ ಮುಖ ಕೆಂಪಾಗಿತ್ತು.

"ಸರ್, ಇವ್ರಿಗೆ ಚೆಂಡು ಕಂಡಿದೆ. ಮೊದಲ್ನೇ ದಿನ ಅಷ್ಟು ವೇಗದ ಚೆಂಡನ್ನೇ ಕರೆಕ್ಟಾಗಿ ಹೇಳ್ದೋರು ಇವ್ರು! ನಾವಿಬ್ರೂ ಚಹಾ ಕುಡಿಯೋದನ್ನ ಎಲ್ರೂ ನೋಡಿದ್ದಾರೆ. ನಂಗೆ ಪಾಯಿಂಟ್ ಕೊಟ್ರೆ ಜನ ಏನಂತಾರೋ ಅಂತ ಹೆದ್ರಿ ಕಣ್ಣು ಮುಚ್ಕೊಂಡ್ರು."

ಪ್ರತಿ ಮಾತೂ ಅವಳಿಗೆ ಚುಚ್ಚಿತು. 'ನನ್ನನ್ನು ಸುಳ್ಳುಗಾತಿ ಅಂದುಕೊಂಡನಲ್ಲಾ...'

ಉಮಾಶಂಕರ್ ಕನ್ನಡಕ ತೆಗೆದರು. "ಮೋನಿಷಾ, ಕಂಡಿದ್ದೂ ಮುಚ್ಚಿಟ್ಟಿದ್ರೆ ನೀನು ಯಾವತ್ತೂ ಅಂಪೈರ್ ಆಗೋಕೆ ಆಗಲ್ಲ. ಚೆಂಡು ಕಾಣಿಸ್ತಾ?"

"ಇಲ್ಲ ಸರ್."

"ನಿಂಗೆ ಅಡ್ಡ ಯಾರೂ ಇರ್ಲಿಲ್ಲ. ಮತ್ತೆ ಯಾಕೆ ಕಾಣಲಿಲ್ಲ?"

ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನಬಹುದಿತ್ತು. ರೆಪ್ಪೆ ಬಡಿದೆ ಎನ್ನಬಹುದಿತ್ತು. ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಸುಳ್ಳು ಹೇಳಿ ಪಡೆದ ಜಾಗದಲ್ಲಿ ನಿಂತು ನಾಳೆ ಯಾವ ಬಾಯಲ್ಲಿ ಔಟ್ ಎಂದು ಕೂಗಲಿ?

"ಸರ್... ನಾನು ಗೆರೆ ನೋಡ್ತಿರ್ಲಿಲ್ಲ."

"ಮತ್ತೇನು ನೋಡ್ತಿದ್ದೆ?"

"ಅವ್ರು ಬಿದ್ರು ಸರ್. ಮೊಣಕಾಲು ಮಡಚ್ಕೊಳ್ತು... ನನ್ ಕಣ್ಣು ಅವ್ರ ಮೇಲೆ ಹೋಗ್ಬಿಡ್ತು." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಸಲಿಗೆ ಇದ್ರೆ ಮೊದ್ಲೇ ಹೇಳಿ ಅಂದಿದ್ರಿ. ಹೇಳೋ ಅಂಥದ್ದು ಏನೂ ಇಲ್ಲ ಅಂದ್ಕೊಂಡಿದ್ದೆ. ಅವ್ರು ಬಿದ್ದಾಗ ಗೊತ್ತಾಯ್ತು... ಇದೆ ಅಂತ. ಅವ್ರ ಮನಸ್ಸಲ್ಲಿ ಏನಿದ್ಯೋ ಗೊತ್ತಿಲ್ಲ, ನನ್ ಕಡೆಯಿಂದ ಇದೆ ಸರ್. ತಪ್ಪಾಯ್ತು."

ಬೈರೇಶನತ್ತ ನೋಡುವ ಧೈರ್ಯ ಅವಳಿಗಿರಲಿಲ್ಲ.

ಉಮಾಶಂಕರ್ ಕನ್ನಡಕ ಮತ್ತೆ ಹಾಕಿಕೊಂಡು ಎದ್ದರು. "ಕಾಣಲಿಲ್ಲ ಅಂತ ಕೈ ಎತ್ತಿದ್ದು ಸರಿ. ಗೆರೆ ಬಿಟ್ಟಿದ್ದು ತಪ್ಪು. ಈ ಸಲ ಪಾಸ್ ಮಾಡಲ್ಲ ನಿನ್ನ. ಮುಂದಿನ ತಂಡದ ಜೊತೆ ಮತ್ತೆ ಬಾ." ಬಾಗಿಲ ಬಳಿ ನಿಂತು ಬೈರೇಶನತ್ತ ತಿರುಗಿದರು. "ಇವ್ಳು ಇನ್ಮೇಲೆ ನಿನ್ ಮ್ಯಾಚಿಗೆ ನಿಲ್ಲೋ ಹಾಗಿಲ್ಲ. ಇನ್ನೇನಾದ್ರೂ ದೂರಿದ್ಯೇನಪ್ಪಾ?"

"ಇಲ್ಲ ಸರ್," ಎಂದ ಬೈರೇಶ್.

ಮೋನಿಷಾ ಚೀಲ ಹೆಗಲಿಗೇರಿಸಿ ಗೇಟಿನತ್ತ ಸರಸರನೆ ನಡೆದಳು. ಹಿಂದೆ ಕುಂಟುವ ಹೆಜ್ಜೆಯ ಸದ್ದು.

"ಮೇಡಂ... ಮೋನಿಷಾ! ಓಡ್ಸಬೇಡಿ ನನ್ನ, ಮೊದ್ಲೇ ಕಾಲು ನೋಯ್ತಿದೆ."

ಅವಳು ತಟ್ಟನೆ ನಿಂತಳು. "ತುಂಬಾ ನೋಯ್ತಿದ್ಯಾ? ಊದಿದ್ಯಾ?"

"ನಾನು ಒಳಗೆ ಅಷ್ಟೊಂದು ಅಂದೆ. ನೀವು ಕಾಲು ಕೇಳ್ತಿದ್ದೀರಲ್ರೀ..." ಅವನ ಕಣ್ಣು ತುಂಬಿತ್ತು. "ಕ್ಷಮಿಸಿ. ಸೋತ ಸಿಟ್ಟಲ್ಲ ಅದು. ನನ್ ಜೊತೆ ಸಲಿಗೆ ಇದೆ ಅಂತ ಹೇಳ್ಕೊಳ್ಳೋಕೆ ನಿಮ್ಗೆ ನಾಚಿಕೆ ಅಂದ್ಕೊಂಡೆ. ಅದು ಉರೀತು."

"ನನ್ನಿಂದ ಫೈನಲ್ ಹೋಯ್ತು ನಿಮ್ಗೆ."

"ನನ್ನಿಂದ ಪರೀಕ್ಷೆ ಹೋಯ್ತು ನಿಮ್ಗೆ. ಇಬ್ರೂ ಮತ್ತೆ ಆಡೋಣ ಬಿಡಿ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ ಮ್ಯಾಚಿಗೆ ಇನ್ಮೇಲೆ ಲೈನಲ್ಲಿ ನಿಲ್ಲಲ್ಲ ತಾನೇ?"

"ಇಲ್ಲ..."

"ಹಾಗಾದ್ರೆ ಕಟ್ಟೆ ಮೇಲೆ ಕೂತ್ಕೊಂಡು ನೋಡಿ. ಗೆರೆ ನೋಡೋದೇನೂ ಬೇಡ."

"ಮತ್ತೇನು ನೋಡ್ಲಿ?"

"ನನ್ನ!"

ಮುಖ ಕೆಂಪೇರಿ ಮೋನಿಷಾ ಎರಡೂ ಅಂಗೈಗಳನ್ನು ಕಣ್ಣಿನ ಮುಂದೆ ಹಿಡಿದಳು.

"ಸುಳ್ಳು ಸಿಗ್ನಲ್ ಕೊಡಬಾರ್ದು ಮೇಡಂ," ಅವನ ಸ್ವರ ಮೆತ್ತಗಾಗಿತ್ತು. "ಕಂಡಿದ್ಯೋ, ಇಲ್ವೋ?"

ಬೆರಳುಗಳು ನಿಧಾನವಾಗಿ ಕೆಳಗಿಳಿದವು.

"ಕಂಡಿದೆ," ಎಂದಳು.

"ಕೇಳಿಸ್ಲಿಲ್ಲ ಮೇಡಂ. ಪಕ್ಕದ ಮನೆಯೋರಿಗೂ ಕೇಳಿಸ್ಲಿ!"

"ಕಂಡಿದೆ ಅಂದ್ನಲ್ರೀ!"