ಹೆತ್ತವಳೇ ಕೇಳಿದ ಪ್ರಶ್ನೆ

ಊಟಕ್ಕೆ ಕೂತ ಮಗನ ತಟ್ಟೆಯ ಪಕ್ಕದಲ್ಲಿ ವೆಂಕಟಮ್ಮ ಒಂದು ಚೊಂಬು ನೀರು ತಂದಿಟ್ಟರು. ಮುದ್ದೆ ಮುರಿಯುತ್ತಿದ್ದ ರಾಜೇಂದ್ರನ ಕೈ ಅಲ್ಲೇ ನಿಂತಿತು. ಚೊಂಬಿನೊಳಗಿನ ನೀರು ಬೂದಿ ಕದಡಿದ ಹಾಗಿತ್ತು.

"ಕುಡಿಯಪ್ಪ," ಎಂದರು ವೆಂಕಟಮ್ಮ.

"ಏನವ್ವ ಇದು?"

"ನಮ್ಮ ಶೀಟಿನ ಮನೆಗಳ ಬೋರ್ ನೀರು. ಮೊನ್ನೆಯಿಂದ ಇಂಗೇ ಬತ್ತಾ ಐತೆ. ಬಾಡಿಗೆಗಿರೋ ಆ ಮಲಕವ್ವ ಇದನ್ನೇ ಸೋಸಿ, ಕಾಯ್ಸಿ ಕೂಸಿಗೆ ಕುಡಿಸವ್ಳೆ. ಕೂಸು ವಾಂತಿ ಭೇದಿ ಆಗಿ ಆಸ್ಪತ್ರೇಲಿ ಮಲಗೈತೆ. ನೀನೂ ಒಂದು ಗುಟುಕು ಕುಡಿದು ನೋಡು, ಎಂಗೈತೆ ಅಂತ ಏಳು."

ರಾಜೇಂದ್ರನ ಮುಖ ಕೆಂಪಾಯಿತು. "ಮಳೆ ಬಂದಿಲ್ವಾ? ಮಳೆಗೆ ನೀರು ಕದಡೋದು ಇದ್ದದ್ದೇ. ಅದನ್ನ ತಂದು ಅನ್ನದ ಮುಂದೆ ಇಡಬೇಕಾ?"

"ಮಳೆಗೆ ಕೆಂಪು ನೀರು ಬತ್ತದೆ ಕಣ್ಲಾ."

ಅವನು ತಟ್ಟೆಯಲ್ಲೇ ಕೈ ತೊಳೆದು, ಎದ್ದು ಹೊರಟುಹೋದ. ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗಿತು. ಅಡುಗೆಮನೆಯ ಬಾಗಿಲಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದ ಹೆಂಡತಿ ಶಶಿಕಲಾ ಬಂದು ಆ ಚೊಂಬನ್ನು ಎತ್ತಿ ಒಳಗಿಟ್ಟಳು. ಆ ನೀರು ಯಾಕೆ ಕೆಟ್ಟಿತೆಂದು ಆ ಮನೆಯಲ್ಲಿ ಗಂಡನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಬೇಗೂರಿನ ಆಚೆಗಿರುವ ಹೊಂಗೇನಹಳ್ಳಿಯಲ್ಲಿ ಇವರದು ಹಳೆಯ ಮನೆತನ. ಹೊಲಗಳೆಲ್ಲ ಲೇಔಟುಗಳಾಗಿ ಈಗ ಉಳಿದದ್ದು ವಾಸದ ಮನೆ, ಹಿತ್ತಲಿನ ಒಂದಿಷ್ಟು ಜಾಗ, ಅದರ ಅಂಚಿನಲ್ಲಿ ಬಾಡಿಗೆಗೆ ಕಟ್ಟಿದ ಶೀಟಿನ ಮನೆಗಳ ಒಂದು ಸಾಲು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳೇ ಅಲ್ಲಿ ಹೆಚ್ಚು. ಬಾಡಿಗೆ ತಿಂದು ಕೂರುವ ಗಂಡಸು ಎಂದು ಕರೆಸಿಕೊಳ್ಳುವುದು ರಾಜೇಂದ್ರನಿಗೆ ಎಂದೂ ಹಿಡಿಸಿರಲಿಲ್ಲ. ಒಂದು ಜೆಸಿಬಿ ಇಟ್ಟುಕೊಂಡು ತಾನೇ ಕೂತು ಓಡಿಸುತ್ತಿದ್ದ. ಮನೆಮನೆಗೆ ಪೈಪಿನಲ್ಲಿ ಗ್ಯಾಸ್ ಕೊಡುವ ಕಂಪನಿಯೊಂದು ಊರಿಗೆ ಬಂದಾಗ, ಅದರ ಉಪಗುತ್ತಿಗೆ ಹಿಡಿಯಲು ಅವನು ಓಡಾಡಿದ್ದು ಅಷ್ಟಿಷ್ಟಲ್ಲ. ಓಣಿಗಳು ಇಕ್ಕಟ್ಟು, ಅಗೆಯಲು ಜಾಗವಿಲ್ಲ. ಇವರ ಹಿತ್ತಲಿನಲ್ಲಿ ಯಂತ್ರ ಇಟ್ಟು, ನೆಲದಡಿಯಲ್ಲೇ ಅಡ್ಡಡ್ಡ ಕೊರೆದು, ಊರಿನ ಆಚೆ ತುದಿಗೆ ದೊಡ್ಡ ಪೈಪು ಎಳೆಯುವುದೆಂದು ತೀರ್ಮಾನವಾಯಿತು.

ಊರವರಿಗೆ ಭಯವಿತ್ತು. ಮನೆಗಳ ಅಡಿಯಲ್ಲೇ ಗ್ಯಾಸು ಹೋದರೆ ನಾಳೆ ಸೋರಿದಾಗ ಗತಿಯೇನು? ಹಳೆಯ ಮಣ್ಣಿನ ಗೋಡೆಗಳು ಕೊರೆತದ ಅದುರಿಗೆ ನಿಲ್ಲುತ್ತವೆಯೇ? ಬೋರ್‌ವೆಲ್‌ಗಳಿಗೆ ಏನಾದರೂ ಆದರೆ? ರಾಜೇಂದ್ರ ಮನೆಮನೆಗೂ ಹೋಗಿ, "ಹೊರಗಿನವರು ಮಾಡಿದ್ರೆ ಭಯ ಪಡಿ. ನಾನು ಈ ಊರಲ್ಲೇ ಹುಟ್ಟಿದೋನು, ನಾನಿದ್ದೀನಲ್ಲ," ಎಂದು ಒಪ್ಪಿಸಿದ್ದ. ಊರು ಅವನ ಮುಖ ನೋಡಿ ಒಪ್ಪಿತ್ತು.

ಕೊರೆಯುವ ಕೆಲಸ ಶುರುವಾದ ಮೇಲೆ ಒಂದು ಮಧ್ಯಾಹ್ನ ಶಶಿಕಲಾ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಸಾಲಾಗಿ ನೇತುಹಾಕಿದ ಸೀರೆಗಳ ಆಚೆ ಬದಿಯಲ್ಲಿ ಗಂಡ ಫೋನಿನಲ್ಲಿದ್ದ. ಅವಳು ಇರುವುದು ಅವನಿಗೆ ಕಾಣಿಸಿರಲಿಲ್ಲ.

"ಬಿಟ್ಟ ಕೆಸರುನೀರು ವಾಪಸ್ ಬರ್ತಿಲ್ವಾ? ಅಷ್ಟೂ ಒಳಗೇ ಹೋಗ್ತಿದ್ಯಾ?... ಹೋದ್ರೆ ಹೋಗ್ಲಿ ಬಿಡು. ನಿಲ್ಲಿಸ್ಬೇಡ. ಇವತ್ತು ನಿಲ್ಸಿದ್ರೆ ಸರ್ವೆ ಮತ್ತೆ ಆಗ್ಬೇಕು ಅಂತಾರೆ. ಎಳ್ಕೊಂಡು ಹೋಗಿ."

ಕೊರೆಯುವಾಗ ಯಂತ್ರದೊಳಕ್ಕೆ ಜೇಡಿಮಣ್ಣು ಕಲಸಿದ ನೀರು ಬಿಡುತ್ತಾರೆ, ಅದು ಮತ್ತೆ ಗುಂಡಿಗೇ ಹೊರಬರಬೇಕು ಎಂದು ಅವನೇ ಹಿಂದೊಮ್ಮೆ ಹೇಳಿದ್ದ. ಆ ಕ್ಷಣಕ್ಕೆ ಅವಳಿಗೆ ಅದರ ಅರ್ಥ ಹೊಳೆಯಲಿಲ್ಲ. ಶೀಟಿನ ಮನೆಗಳ ನಲ್ಲಿಯಲ್ಲಿ ಬೂದಿ ಬಣ್ಣದ ನೀರು ಬಂದಾಗ ಹೊಳೆಯಿತು.

ಗಂಡ ಮುದ್ದೆ ಬಿಟ್ಟು ಎದ್ದುಹೋದ ಆ ದಿನ ಅವಳಿಗೂ ಅನ್ನ ಸೇರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಕೂತು ವೆಂಕಟಮ್ಮ ಸೊಪ್ಪು ಬಿಡಿಸುತ್ತಿದ್ದರು. ಶಶಿಕಲಾ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಅತ್ತೆಯ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ನೆನಪೇ ಅವಳಿಗಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಬಾಯಿಂದ ಒಂದು ಮೆಚ್ಚುಗೆ ಕೇಳಿದವಳಲ್ಲ. ತಾಯಿ ತೀರಿಕೊಂಡು ತವರಿಗೆ ಹೊರಟಾಗಲೂ, "ತಿಥಿ ಮುಗೀತಿದ್ದಂಗೆ ಬಂದ್ಬುಡು, ಇಲ್ಲಿ ಕೆಲಸ ಕಾಯಲ್ಲ," ಎಂದಿದ್ದವರು ಈ ಅತ್ತೆ. ಆದರೂ ಆ ಹೊತ್ತಿಗೆ ಅವಳಿಗೆ ಬೇರೆ ಯಾರೂ ಇರಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು.

ವೆಂಕಟಮ್ಮನ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಕೆಳಗೆ ಬಿತ್ತು. ಅವರು ಮಗನ ಯಂತ್ರ ನಿಂತಿದ್ದ ಕಡೆಗೆ ತಿರುಗಿದರು.

"ಭಾನುವಾರ ಡೈರಿ ಹತ್ರ ಕಂಪನಿಯವ್ರ ಜೊತೆ ಮೀಟಿಂಗ್ ಇದೆಯಲ್ಲ ಅತ್ತೆ," ಎಂದಳು ಶಶಿಕಲಾ. "ಅಲ್ಲಿ ಹೇಳಿಬಿಡ್ತೀನಿ. ಆ ಕೂಸಿನ ಮುಖ ನೆನೆಸ್ಕೊಂಡ್ರೆ ನಂಗೆ ತಡಿಯಕ್ಕಾಗ್ತಿಲ್ಲ."

"ನೀನು ಬಾಯಿ ಬಿಡಬೇಡ."

"ಅತ್ತೆ..."

"ಕೇಳಿಲ್ಲಿ. ಎಂಡ್ತಿ ಎದ್ದು ಗಂಡನ ಮೇಲೆ ಊರ ಮುಂದೆ ಸಾಕ್ಷಿ ಏಳಿದ್ರೆ, ಆಮೇಲೆ ಆ ಸಂಸಾರ ಸಂಸಾರವಾಗಿರಲ್ಲ ಕಣಮ್ಮ. ಅವನು ನಿನ್ನ ಮಖ ನೋಡ್ದಾಗೆಲ್ಲ ಅದೇ ಮಾತು ನೆಪ್ಪಾಯ್ತದೆ. ನಾನು ಎತ್ತೋಳು. ನನ್ನ ಮೇಲೆ ಅವನು ಎಷ್ಟು ಕ್ವಾಪ ಮಾಡ್ಕೊಂಡ್ರೂ ನಾನು ಅವನಿಗೆ ತಾಯಿ ಅಲ್ದಂಗೆ ಆಗಕ್ಕಿಲ್ಲ. ನಾನು ಕೇಳ್ತೀನಿ."

ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಊರು ಸೇರಿತು. ಕಂಪನಿಯ ಕಡೆಯಿಂದ ಪಂಚಾಕ್ಷರಿ ಎಂಬ ಇಂಜಿನಿಯರು ಬಂದಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ರಾಜೇಂದ್ರ. "ಸಿಟಿ ತುಂಬಾ ಇದೇ ಥರ ಪೈಪ್ ಹಾಕಿದ್ದೀವಿ, ಹಂಡ್ರೆಡ್ ಪರ್ಸೆಂಟ್ ಸೇಫ್. ನಮಗೆ ಬಂದಿರೋ ರಿಪೋರ್ಟ್ ಪ್ರಕಾರ ಡ್ರಿಲ್ಲಿಂಗಲ್ಲಿ ಏನೂ ತೊಂದರೆ ಆಗಿಲ್ಲ. ನೀರು ಮಳೆಯಿಂದ ಕೆಟ್ಟಿರಬಹುದು," ಎಂದರು ಇಂಜಿನಿಯರು ವಿನಯದಿಂದಲೇ.

ಪಕ್ಕದ ಮನೆಯ ಚಿಕ್ಕಬೈರಪ್ಪ ಎದ್ದರು. "ಸಾರ್, ನನ್ನ ಸೊಸೆ ಮಲಗೋ ರೂಮಿನ ಗೋಡೆ ಬಿರುಕು ಬಿಟ್ಟೈತೆ. ಅದರಡೀಲೇ ನಿಮ್ಮ ಪೈಪು. ನಾಳೆ ಏನಾದ್ರೂ ಎಚ್ಚುಕಮ್ಮಿ ಆದ್ರೆ ಈ ಓಣಿಯೊಳಕ್ಕೆ ಬೆಂಕಿ ಆರ್ಸೋ ಗಾಡಿ ಬತ್ತದಾ? ನೀವೇ ನಡ್ಕೊಂಡು ಬಂದ್ರಲ್ಲ, ಕಾರು ಅಲ್ಲೇ ಬಿಟ್ಟು."

ಇಂಜಿನಿಯರು ಉತ್ತರ ಹುಡುಕುತ್ತಿದ್ದಂತೆ, ಹೆಂಗಸರ ಸಾಲಿನಿಂದ ವೆಂಕಟಮ್ಮ ಎದ್ದುನಿಂತರು. ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ಇಂಜಿನಿಯರಪ್ಪ, ನಿನ್ನ ಕೇಳಲ್ಲ ನಾನು. ನೀನು ಬಂದು ಓಗೋನು. ನನ್ನ ಮಗನ್ನ ಕೇಳ್ತೀನಿ." ಅವರು ಮಗನ ಕಡೆ ತಿರುಗಿದರು. "ರಾಜೇಂದ್ರ, ಆವತ್ತು ಮಿಷನ್ನಿಗೆ ಬಿಟ್ಟ ಕೆಸರುನೀರು ವಾಪಸ್ ಬರ್ಲಿಲ್ಲ. ಕೆಲಸದೋರು ನಿಲ್ಸಾನಾ ಅಂದ್ರು. ನೀನು ಏನಂದೆ?"

ಇಂಜಿನಿಯರು ಬೆಚ್ಚಿ ರಾಜೇಂದ್ರನ ಮುಖ ನೋಡಿದರು. ಅವನು ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮುದುಕಿಯ ಮಾತಿಗೆ ಪುರಾವೆ ಎಲ್ಲಿತ್ತು? ಅವನು ತಾಯಿಯ ಕಡೆ ನೋಡಿದ. ತಾಯಿ ಕಣ್ಣು ಕದಲಿಸಲಿಲ್ಲ. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ... ಬೇಡಿಕೆಯಿತ್ತು.

"ಎಳ್ಕೊಂಡು ಹೋಗಿ ಅಂದೆ," ಎಂದ ರಾಜೇಂದ್ರ. "ಕಂಪನಿಗೂ ತಿಳಿಸ್ಲಿಲ್ಲ. ನೆಲದೊಳಗೆ ಎಲ್ಲೋ ಸೇರ್ಕೊಳ್ತಿದೆ ಅಂತ ಗೊತ್ತಿತ್ತು. ಬೋರಿಗೆ ಸೇರುತ್ತೆ ಅಂದ್ಕೊಂಡಿರ್ಲಿಲ್ಲ."

ವೆಂಕಟಮ್ಮ ಕೂತುಬಿಟ್ಟರು. ಮಗ ನಿಜ ಹೇಳಿದನೆಂಬ ಸಮಾಧಾನವೋ, ಮಗನನ್ನು ತಾನೇ ಊರ ಮುಂದೆ ತಲೆತಗ್ಗಿಸುವ ಹಾಗೆ ಮಾಡಿದೆನೆಂಬ ಸಂಕಟವೋ, ಒಂದು ಕೈಯಿಂದ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಅವರ ಇನ್ನೊಂದು ಕೈಯನ್ನು ಶಶಿಕಲಾ ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದಳು.

ಅಂದೇ ಕೆಲಸ ನಿಂತಿತು. ಯಂತ್ರ ಲಾರಿ ಹತ್ತಿತು. ಗುತ್ತಿಗೆ ಕೈತಪ್ಪಿದ ರಾಜೇಂದ್ರ ಮನೆಗೆ ಬಂದವನೇ ನಡುಮನೆಯಲ್ಲಿ ನಿಂತ.

"ಮನೇಲಿ ಕೇಳಿದ್ರೆ ಹೇಳ್ತಿರ್ಲಿಲ್ವಾ ಅವ್ವ? ಅಷ್ಟು ಜನರ ಮುಂದೆ ನಿಲ್ಲಿಸಿ ಕೇಳ್ಬೇಕಾಗಿತ್ತಾ?"

"ಮನೇಲೇ ಕೇಳ್ದೆ ಕಣಪ್ಪ. ಊಟಕ್ಕೆ ಕೂತಾಗ. ಮಳೆ ಅಂದೆ."

ಅವನು ಮುಖ ತಿರುಗಿಸಿ, "ನಾನು ಮಹಡಿ ಮೇಲೆ ಫೋನಲ್ಲಿ ಮಾತಾಡಿದ್ದನ್ನ ಕದ್ದು ಕೇಳಿದ್ಯಲ್ಲ... ಸ್ವಂತ ಮಗನ ಮಾತನ್ನ," ಎಂದ.

ಶಶಿಕಲಾ ಒಂದು ಹೆಜ್ಜೆ ಮುಂದಿಟ್ಟಳು. ವೆಂಕಟಮ್ಮ ಅವಳ ಕಡೆ ತಿರುಗಿ ನೋಡದೆಯೇ ಅವಳ ಮುಂಗೈ ಹಿಡಿದು ತಡೆದರು.

"ಊಂ. ನಾನೇ ಕೇಳಿಸ್ಕೊಂಡೆ."

"ಇನ್ಮೇಲೆ ನನ್ನ ಮಾತಾಡಿಸ್ಬೇಡ," ಎಂದು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೇ ಬೆಳಿಗ್ಗೆ ವೆಂಕಟಮ್ಮ ಚಾಪೆ, ನಾಲ್ಕು ಸೀರೆ ಕಟ್ಟಿಕೊಂಡು ಶೀಟಿನ ಮನೆಗಳ ಸಾಲಿನಲ್ಲಿ ಖಾಲಿಯಿದ್ದ ಕೋಣೆಗೆ ಹೊರಟರು. ಶಶಿಕಲಾ ಅಡ್ಡ ನಿಂತಳು.

"ನಾನು ಮಾಡಿದ್ದಕ್ಕೆ ನೀವು ಯಾಕೆ ಅತ್ತೆ ಮನೆ ಬಿಡ್ತೀರಾ?"

"ಮೆತ್ತಗೆ ಮಾತಾಡು." ಅವರು ದನಿ ತಗ್ಗಿಸಿದರು. "ದಿನಾ ಕಣ್ಣೆದುರಿಗೇ ಇದ್ರೆ ಒಂದಲ್ಲ ಒಂದು ದಿನ ಅವನಿಗೆ ಒಳೀತದೆ. ಈ ಮಂಡಿ ನೋವಲ್ಲಿ ನಾನು ಮಹಡಿ ಅತ್ತಿ ಎಷ್ಟು ಕಾಲ ಆಯ್ತು ಅಂತ. ಒಳೆಯೋದು ಬ್ಯಾಡ."

ಹುಣಸೇಹಣ್ಣಿನ ಸಾರಿಗೆ ಉಪ್ಪು ಹೆಚ್ಚಾದರೆ ಇಡೀ ದಿನ ಮಾತು ಬಿಡುತ್ತಿದ್ದ ಅತ್ತೆ, ಸೊಸೆಯ ಸಂಸಾರ ಉಳಿಯಲೆಂದು ಹೆತ್ತ ಮಗನನ್ನೇ ಬಿಟ್ಟುಕೊಟ್ಟು ಹೋಗುತ್ತಿದ್ದರು. ಸೊಸೆ ನಿಂತಲ್ಲೇ ಗೋಡೆಗೆ ಮುಖ ಒತ್ತಿ ಅತ್ತಳು.

ಆಮೇಲಿನ ತಿಂಗಳುಗಳಲ್ಲಿ ಅವಳು ದಿನವೂ ಬುತ್ತಿ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಮಲಕವ್ವನ ಕೂಸು ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡಿತ್ತು. ಮಲಕವ್ವ ಗಾರ್ಮೆಂಟ್ಸಿಗೆ ಹೋದ ಹೊತ್ತಿನಲ್ಲಿ ಅದು ವೆಂಕಟಮ್ಮನ ಮಡಿಲಲ್ಲೇ ಇರುತ್ತಿತ್ತು. ಬೋರ್ ಮಾತ್ರ ಸರಿಹೋಗಲಿಲ್ಲ. ಎಷ್ಟು ತೋಡಿ ಹರಿಸಿದರೂ ತಿಳಿಯಾಗದೆ ಕೊನೆಗೆ ಅದನ್ನು ಮುಚ್ಚಿದರು. ಕಂಪನಿಯವರೇ ಟ್ಯಾಂಕರ್ ನೀರು ಕಳಿಸುತ್ತಿದ್ದರು. ಅದು ತಡವಾದ ದಿನ ಫೋನು ಮಾಡಿಸಿ, "ಪಂಚಾಕ್ಷರಪ್ಪ, ನಿಮ್ಮನೇಲಿ ನೀರು ಬಂತಾ?" ಎಂದು ವಿಚಾರಿಸುತ್ತಿದ್ದವರು ವೆಂಕಟಮ್ಮ. ಮತ್ತೆ ಸರ್ವೆ ಮಾಡಿ, ಪೈಪನ್ನು ಮನೆಗಳಿಂದ ದೂರ, ದೊಡ್ಡ ರಸ್ತೆಯ ಅಂಚಿನಲ್ಲಿ ಅಗೆದು ಹಾಕುವುದೆಂದಾಯಿತು. ಊರಿನ ಹೆಂಗಸರು ಸರದಿಯಲ್ಲಿ ಅಲ್ಲಿ ಕೂತು ಕೆಲಸ ನೋಡಿಕೊಳ್ಳುವುದಕ್ಕೂ ಇಂಜಿನಿಯರು ಒಪ್ಪಿದರು. ಊರಿನಲ್ಲಿ ಗ್ಯಾಸಿನ ಕನೆಕ್ಷನ್ನಿಗೆ ಮೊದಲು ಹೆಸರು ಕೊಟ್ಟವರು ವೆಂಕಟಮ್ಮನೇ. ಜನ ಬೆರಗಾದರೆ, "ಗ್ಯಾಸ್ ಬ್ಯಾಡ ಅಂತ ನಾನೆಲ್ಲಿ ಅಂದೆ? ನಮ್ಮನ್ನ ಕೊಂದು ತರಬೇಡಿ ಅಂದೆ ಅಷ್ಟೆ," ಎಂದರು.

ರಾಜೇಂದ್ರ ಮತ್ತೆ ಜೆಸಿಬಿ ಹತ್ತಿದ. ಆದರೆ ಹಿತ್ತಲಿನ ಬಾಗಿಲು ತೆರೆದವನಲ್ಲ. ಒಂದು ಭಾನುವಾರ ಸಂಜೆ ಬುತ್ತಿ ಕಟ್ಟುತ್ತಿದ್ದ ಹೆಂಡತಿಯನ್ನು ನೋಡುತ್ತ, "ತಗೊಂಡ್ಹೋಗು, ತಗೊಂಡ್ಹೋಗು. ಅವ್ವನಿಗೆ ಮಗನಿಗಿಂತ ಊರೇ ಹೆಚ್ಚಾಯ್ತು. ನಾಳೆ ಅವಳು ಕಣ್ಮುಚ್ಚಿದ್ರೂ ನಾನು..." ಎಂದ.

ಶಶಿಕಲಾ ಬುತ್ತಿಯನ್ನು ಕೆಳಗಿಟ್ಟಳು.

"ಸಾಕು ರೀ. ಮುಂದಿನ ಮಾತು ಆಡ್ಬೇಡಿ. ಆವತ್ತು ಫೋನಲ್ಲಿ ನೀವು ಮಾತಾಡಿದ್ದನ್ನ ಕೇಳಿಸ್ಕೊಂಡೋಳು ನಾನು. ಮಹಡಿ ಮೇಲೆ ಸೀರೆ ಒಣಹಾಕ್ತಿದ್ದೆ. ಅತ್ತೆಗೆ ಹೇಳಿದ್ದೂ ನಾನೇ. ಊರ ಮುಂದೆ ನಾನೇ ಹೇಳ್ತೀನಿ ಅಂದೆ, ಅವ್ರು ಬಿಡ್ಲಿಲ್ಲ. ನಮ್ಮ ಸಂಸಾರ ಉಳೀಲಿ ಅಂತ ನಿಮ್ಮ ಸಿಟ್ಟನ್ನೆಲ್ಲ ತಮ್ಮ ಮೇಲೆ ಹಾಕ್ಕೊಂಡ್ರು. ಸಿಟ್ಟು ಮಾಡ್ಕೊಳೋದಿದ್ರೆ ನನ್ನ ಮೇಲೆ ಮಾಡ್ಕೊಳಿ."

ಏನು ಬರುತ್ತದೋ ಎಂದು ಅವಳು ಕಾದು ನಿಂತಳು. ಬೈಗುಳವೂ ಬರಲಿಲ್ಲ, ಏಟೂ ಬರಲಿಲ್ಲ. ಅವನು ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿದ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿನ ಬಾಗಿಲು ತೆರೆದು ನಡೆದ. ಶಶಿಕಲಾ ಹಿಂದೆಯೇ ಓಡಿದಳು.

ಕೋಣೆಯ ಹೊಸ್ತಿಲಲ್ಲಿ ವೆಂಕಟಮ್ಮ ಕೂಸಿಗೆ ಗಂಜಿ ಕುಡಿಸುತ್ತಿದ್ದರು. ಪಕ್ಕದಲ್ಲಿ ಮಲಕವ್ವ ರೊಟ್ಟಿ ಬಡಿಯುತ್ತಿದ್ದಳು. ರಾಜೇಂದ್ರ ಬಂದು ನೆಲದ ಮೇಲೆ ಕುಸಿದು, ತಾಯಿಯ ಪಾದದ ಮೇಲೆ ಕೈಯಿಟ್ಟ. ವೆಂಕಟಮ್ಮ ಅವನ ತಲೆಯ ಮೇಲಿಂದ ಸೊಸೆಯನ್ನು ನೋಡಿದರು.

"ಏಳ್ಬುಟ್ಟೇನಮ್ಮ?"

"ತಡ್ಕೊಳಕ್ಕಾಗ್ಲಿಲ್ಲ ಅತ್ತೆ."

"ಅವಳ್ನ ಏನಾದ್ರೂ ಅಂದ್ಯೇನ್ಲಾ?"

"ಇಲ್ಲವ್ವ..." ಅವನು ಮಗುವಿನ ಹಾಗೆ ಬಿಕ್ಕುತ್ತಿದ್ದ. "ತಪ್ಪಾಯ್ತವ್ವ. ಮನೆಗೆ ಬಾ."

"ನನ್ನ ಕೇಳೋದೇನೈತೆ? ನಾನು ಎತ್ತೋಳು, ಆವತ್ತೇ ಮರ್ತೆ. ಆ ನೀರು ಕುಡಿದಿದ್ದು ಈ ಕೂಸು. ಅದರವ್ವ ಇಲ್ಲೇ ಅವ್ಳೆ. ಅವಳ್ನ ಕೇಳು."

ರಾಜೇಂದ್ರ ತಲೆಯೆತ್ತಿದ. ತನಗೆ ತಿಂಗಳು ತಿಂಗಳೂ ಬಾಡಿಗೆ ಕೊಡುವ ಹೆಣ್ಣುಮಗಳ ಮುಂದೆ ಎದ್ದುನಿಂತು ಕೈಮುಗಿದ.

"ನಿನ್ನ ಮಗೂಗೆ ಹಾಗಾಗಿದ್ದು ನನ್ನಿಂದಲೇ ಕಣಮ್ಮ. ಕ್ಷಮಿಸು."

ಮಲಕವ್ವ ಹಿಟ್ಟಿನ ಕೈಯಲ್ಲೇ ಗಾಬರಿಯಾಗಿ ಎದ್ದಳು. ಕೂಸಿನ ಕಡೆ ನೋಡಿದಳು, ಅವನ ಕಡೆ ನೋಡಿದಳು. ಅವಳ ಕಣ್ಣು ತುಂಬಿತು.

"ಭಾಳ ಸಿಟ್ಟು ಬಂದಿತ್ತ್ರಿ ನನಗ," ಎಂದಳು ನಿಧಾನವಾಗಿ. "ಈ ಅಜ್ಜಿ ಬಂದು ಇಲ್ಲಿ ಕುಂತ ಮ್ಯಾಲೆ ಎಲ್ಲಾ ಇಳೀತು. ಈಗ ಕೂಸು ಆರಾಮ ಐತಿ. ಕುಂದರ್ರಿ ಅಣ್ಣಾರ, ರೊಟ್ಟಿ ಬಿಸಿ ಅದಾವ."

ಅವನು ಕೂತ. ಅವಳು ಕೊಟ್ಟ ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮುರಿದು ಬಾಯಿಗಿಟ್ಟುಕೊಂಡ. ವೆಂಕಟಮ್ಮ ಅವನು ತಿನ್ನುವುದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೂಸನ್ನು ಸೊಸೆಯ ಕೈಗೆ ಕೊಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದು, ಒಳಗೆ ಹೋಗಿ ತಮ್ಮ ಚಾಪೆ ಸುತ್ತತೊಡಗಿದರು.